ಢೋಲ್ ನಿಲ್ಲೂತನಕಾ

ಕಾಶೀರಾಮಣ್ಣನ ಬಗ್ಗಿ ಹೇಳಂದ್ರ ಮೊದಲ ಆ ದರಿದ್ರ ಕಾರ್ಟೂನಿನ ಸುದ್ದೀನೇ ಹೇಳ್ಬೇಕಾಗ್ತದ ನೋಡ್ರಿ. ಏನ್ ಮಾಡ್ಲಿ, ಅದನ್ನ ಬಿಟ್ಟು ಅಂವನ ಕತಿ ಹೇಳಲಾಕ ಬರಂಗಿಲ್ಲ.

ಅಂವ ಭಾಲ್ಕಿದಾಗ ನಮ್ಮ ಬ್ಯಾಂಡಿನ ಮಾಸ್ತರ, ಕ್ಲಾರ್ನೆಟ್ ಊದಾಂವ. ಮನಿ ಠಾಣಾ ಕುಶನೂರದಾಗ. ನಾ ಮಚ್ಛಿಂದ್ರ, ಅದೇ ಬ್ಯಾಂಡಿನಾಗ ಢೋಲ್ ಬಾರಸಾಂವ. ಬಾಜಾದವರ ಹಣೇಬರಾ ನಿಮಗ ಗೊತ್ತೇ ಅದ. ಲಗ್ನಕ್ಕ ಎಲ್ಲಾರಕಿಂತ ಮೊದಲ ಬರಬೇಕು, ಎಲ್ಲಾರೂ ಉಂಡ ಮ್ಯಾಲ ಉಣಬೇಕು. ನಡುವ ಪೆಂಡಾಲದ ಹಿಂದ, ಭಾಂಡಿ ತಿಕ್ಕೋರ ಮಗ್ಗಲಕ, ಬೇವಿನ ಗಿಡದ ಬುಡಕ ಕುಂತು ಕಾಯಬೇಕು. ಆ ಬಿಸಲಾಗ ಕೆಂಪು ಕೋಟು ಹಾಕ್ಕೊಂಡು ಕುಂತ್ರ ಜೀವಾನೇ ಬ್ಯಾಡಾಗ್ತದ. ಅಂಥ ಹೊತ್ತಿನಾಗ ಕಾಶಣ್ಣ ಕಿಸೆದಾಗಿಂದ ಮೊಬೈಲ್ ತೆಗೀತಿದ್ದ.

ಬಸ್‌ಸ್ಟ್ಯಾಂಡ್ ಎದುರಿಗಿ ಹಬೀಬನ ಮೊಬೈಲ್ ಅಂಗಡಿ ಇತ್ತು. ಅಲ್ಲಿ ಮೆಮರಿ ಕಾರ್ಡಿನಾಗ ಹಾಡು, ಸಿನಿಮಾ ತುಂಬಿ ಕೊಡ್ತಿದ್ರು. ಕಾಶಣ್ಣ ಹಳೇ ಹಾಡು ತುಂಬು ಅಂತ ಕಾರ್ಡ್ ಕೊಟ್ಟ್ರ ಹಬೀಬ ಗಡಿಬಿಡ್ಯಾಗ ಮತ್ತ್ಯಾರದೋ ಕಾರ್ಡ್ ಕೊಟ್ಟು ಕಳಿಸಿದ. ಹಚ್ಚಿ ನೋಡಿದ್ರ ಜಪಾನಿ ಕಾರ್ಟೂನು, ಮಾತೆಲ್ಲಾ ಹಿಂದಿ. 'ಇದಕ್ಕ ಆನಿಮೆ ಅಂತಾರಪ್ಪಾ' ಅಂತ ಮಗಳು ಮೀರಾ ಹೇಳಿದ್ಳು. ಅಕಿ ಬೀದರದಾಗ ನರ್ಸಿಂಗ್ ಓದ್ತಿದ್ದಾಕಿ, ಅಕಿಗಿ ಎಲ್ಲಾ ಗೊತ್ತು. ನಾಳಿ ವಾಪಸ್ ಕೊಡ್ತೀನಿ ಅಂದ ಕಾಶಣ್ಣ ಕಾರ್ಡ್ ಕೊಡಲೇ ಇಲ್ಲ.

ಕತಿ ಏನಂತೀರಿ? ಒಬ್ಬಾಕಿ ಹುಡುಗಿ, ಒಂದೇ ಕೈ. ಆ ಒಂದೇ ಕೈಲೆ ಮನಿಯಷ್ಟು ದೊಡ್ಡ ಢೋಲ್ ಬಾರಸ್ತಾಳ. ಅಕಿ ಬಾರಸೂತನಕಾ ಅಕಿ ಕಡೀ ಮಂದಿ ಯಾರೂ ಬೀಳಂಗಿಲ್ಲ. ಎದಿಗಿ ಭರ್ಚಿ ನಟ್ಟಿದ್ರೂ ನಿಂತೇ ಇರ್ತಾರ. ಢೋಲ್ ನಿಂತ್ರ ಎಲ್ಲಾರೂ ಒಮ್ಮೆಲೇ ದಬದಬ ಬೀಳ್ತಾರ. ಅಕಿ ಸಂಗಡ ಒಬ್ಬ ಮುದುಕ ಕಹಳಿ ಊದ್ತಾನ, ಆ ಸಪ್ಪಳಕ್ಕ ಗುಡ್ಡ ಸೀಳ್ತದ. ಅದೂ ಎಂಥಾ ಗುಡ್ಡ, ಹಿಂದಿನ ಸಲ ಸೀಳಿದ್ದ ಗುಡ್ಡಾನೇ ಮತ್ತ ಸೀಳ್ತದ!

"ಕಾಶಣ್ಣಾ, ಹಾಡಿದ್ದೇ ಹಾಡೋ ಕಿಸಬಾಯಿದಾಸ ಆಯ್ತಲ್ಲೋ ಇದು," ಅಂತಿದ್ದೆ ನಾ. "ಆ ವೈರಿ ಮೊನ್ನಿ ಸತ್ತಿದ್ದ, ಇವತ್ತ ಹ್ಯಾಂಗ ಎದ್ದು ಬಂದ? ಒಂದ್ ಗುದ್ದು ಹಾಕಲಾಕ ಅರ್ಧಾ ತಾಸು ಒದರ್ತಾರ. ಬಾಯಿ ಮುಚ್ಚಿದ ಮ್ಯಾಲೂ ಮಾತು ಬರ್ಲತ್ತದ. ಬಕ್ವಾಸ್ ಅದ!"

"ಬಕ್ವಾಸೇ ಅದ," ಅಂತಿದ್ದ ಅಂವ, ಕಣ್ಣು ತೆಗೀಲಾರದೇ. "ಕತಿಗಿ ತಲಿ ಇಲ್ಲ, ಬಾಲ ಇಲ್ಲ. ಆದ್ರ ಮಚ್ಛಿಂದ್ರಾ, ಅಲ್ಲಿ ನೋಡು. ಸೇನಾಪತಿ ಬಂದು ಢೋಲಿನವಳಿಗಿ ಕೈ ಮುಗಿತಾನ. ನಮಗ ಯಾವಾಗರ ಯಾರರ ಮುಗ್ದಾರೇನು?"

ನಾ ಅಂವನ ಮಗ್ಗಲಕ ಸರ್ದು ಕುಂತು ನೋಡ್ತಿದ್ದೆ. ಖರೇ ಹೇಳ್ತೀನಿ, ಬಾಜಾ ಮಾತ್ರ ಅದರಾಗ ಜಬರ್ದಸ್ತ್ ಇತ್ತು. ನೋಡ್ತಾ ನೋಡ್ತಾ ಅಂವ ಆ ಧಾಟಿ ಕ್ಲಾರ್ನೆಟ್‌ಲೆ ಹಿಡ್ದ, ನಾ ತೊಡಿ ಮ್ಯಾಲ ತಾಳ ಬಡೀಲಾಕ ಹತ್ತಿದೆ. ಮೀರಾ ಸೂಟಿಗಿ ಊರಿಗಿ ಬಂದಾಗ ನಮ್ಮನ್ನ ನೋಡಿ ನಗ್ತಿದ್ಳು. "ಅಪ್ಪಾ ಊದಿದ್ರ ಗುಡ್ಡ ಸೀಳಂಗಿಲ್ಲ ಕಾಕಾ, ಮನಿ ಮ್ಯಾಲಿನ ತಗಡು ಹಾರ್ತದ," ಅಂತಿದ್ಳು.

ಅದು ಬರದ ಎರಡನೇ ವರ್ಷ. ಕಾರಂಜಾ ಡ್ಯಾಮಿನ ತಳ ಕಂಡಿತ್ತು, ತೊಗರಿ ಸೊಪ್ಪಿನ್ಯಾಗೇ ಒಣಗಿ ಹೋಗಿತ್ತು. ಊರಾಗ ಟ್ಯಾಂಕರ್ ಬಂದ್ರ ಅದೇ ಮೆರವಣಿಗಿ. ಲಗ್ನ ಮಾಡೋರು ಸಾಮೂಹಿಕ ಲಗ್ನದಾಗ ಅಕ್ಕಿಕಾಳ ಹಾಕಿಸ್ಕೊಂಡು ಬರ್ತಿದ್ರು, ಬ್ಯಾಂಡ್ ಯಾರಿಗಿ ಬೇಕು? ನಮ್ಮ ಮಂದಿ ಒಬ್ಬೊಬ್ಬರೇ ಕೋಟು ಕಳಚಿಟ್ಟು ಹೊಂಟ್ರು. ಟ್ರಂಪೆಟ್ ಊದೋ ಅಯ್ಯುಬ ಹೈದರಾಬಾದಿಗಿ ಸೆಂಟ್ರಿಂಗ್ ಕೆಲಸಕ್ಕ ಹೋದ. ತಾಸೆ ಬಾರಸೋ ಏಕನಾಥ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಪುಣೆ ಕಡೀ ಹೋದ. ಉಳಿದವರೂ ಹಂಗೇ. ಕಡೀಕ ನಾವಿಬ್ಬರೇ ಉಳದೆವು. ಕಾಶಣ್ಣ ಮೀರಾನ ಲಗ್ನ ಆಗೂತನಕಾ ಎಲ್ಲೂ ಹೋಗಲ್ಲ ಅಂದಿದ್ದ, ನಾ ಅಂವನ ಬಿಟ್ಟು ಹೋಗಲಾಕ ಆಗ್ದೇ ಕುಂತಿದ್ದೆ. ಸಾಕ್ ಸಾಕಾಗಿತ್ತ್ರಿ.

ಮೀರಾಗ ಕಮಠಾಣದ ಹುಡುಗನ ಸಂಗಡ ಲಗ್ನ ಗಟ್ಟಿ ಆಯ್ತು. ಈಗ ನಮ್ಮ ರಿವಾಜ ಒಂದು ಹೇಳ್ತೀನಿ ಕೇಳ್ರಿ. ಬಾಜಾದಂವನ ಮಗಳ ಲಗ್ನಕ್ಕ ಸಂಗಡದವರು ಎಲ್ಲಿದ್ರೂ ಬಂದು ಬಾರಸಬೇಕು, ಹಣ ಮುಟ್ಟಂಗಿಲ್ಲ. ಹುಡುಗಿ ಅಪ್ಪ ಮಾತ್ರ ಅವತ್ತ ವಾದ್ಯ ಮುಟ್ಟಂಗಿಲ್ಲ. ಜನ್ಮದಾಗ ಅದೊಂದು ದಿನ ಅಂವ ತಲಿಗಿ ರುಮಾಲು ಸುತ್ಕೊಂಡು ಯಜಮಾನ ಆಗಿ ಮುಂದ ನಿಲ್ತಾನ, ಬ್ಯಾರೆಯವರು ಅಂವನ ಸಲುವಾಗಿ ಬಾರಸ್ತಾರ. ಕಾಶಣ್ಣ ಎಷ್ಟೋ ಮಂದಿ ಸಲುವಾಗಿ ಊದಿದ್ದ. ಈಗ ಅಂವನ ಸರದಿ.

ಬೀಗರು ಮೊದಲೇ ಕೇಳಿದ್ರು, "ಡಿಜೆ ತರೂಣೇನ್ರಿ? ನಮ್ಮ ಹುಡುಗನ ದೋಸ್ತರದ್ದು ಅದ," ಅಂತ.

"ಬ್ಯಾಡ್ರಿ," ಅಂದ ಕಾಶಣ್ಣ ಎದಿ ಉಬ್ಬಿಸಿ. "ಮಾಸ್ತರನ ಮಗಳ ಲಗ್ನರಿ ಇದು. ನನ್ನ ಮಂದಿ ಬರ್ತಾರ."

ಅಯ್ಯುಬ ಫೋನಿನಾಗ ಬರ್ತೀನಿ ಅಂದಿದ್ದ. ಏಕನಾಥ 'ಆಣಿ ಮಾಡಿ ಹೇಳ್ತೀನಿ ಕಾಶಣ್ಣಾ' ಅಂದಿದ್ದ. ಲಗ್ನದ ದಿನ ಮುಂಜಾನಿ ಅಯ್ಯುಬನ ಫೋನ್ ಬಂತು. ಸ್ಲ್ಯಾಬ್ ಹಾಕೋದದ, ಮುಕಾದಮ ಬಿಡವಲ್ಲ ಅಂತ ಅಳ್ಲತ್ತಿದ್ದ. ಏಕನಾಥನ ಫೋನ್ ಹತ್ತಲೇ ಇಲ್ಲ. ಯಾರಿಗಂತ ಬೈಲಿ? ಹೊಟ್ಟಿ ಕೇಳ್ತದೇನು ರಿವಾಜ?

ನಾ ಒಬ್ಬನೇ ಕೆಂಪು ಕೋಟು ಹಾಕ್ಕೊಂಡು ಪೆಂಡಾಲದಾಗ ನಿಂತೆ. ಕಾಶಣ್ಣ ಬಿಳಿ ಅಂಗಿ, ಗುಲಾಬಿ ರುಮಾಲು ಸುತ್ತಿ ಬಾಗಲದಾಗ ಬಂದವರಿಗಿ ನಮಸ್ಕಾರ ಮಾಡ್ಲತ್ತಿದ್ದ. ಎರಡು ಸಲ ಹಾದಿ ಕಡೀ ನೋಡಿ, ಆಮ್ಯಾಲ ನನ್ನ ಕಡೀ ನೋಡಿ ನಕ್ಕ.

ಬುದ್ಧ ವಂದನಾ ಆಯ್ತು, ಲಗ್ನ ಆಯ್ತು, ಊಟ ಆಯ್ತು. ಅಲ್ಲೀತನಕಾ ಹ್ಯಾಂಗೋ ನಡೀತು, ಗದ್ದಲದಾಗ ಬಾಜಾ ಯಾರಿಗಿ ನೆನಪಿರ್ತದ? ಮಗಳನ್ನ ಕಳಸೋ ಹೊತ್ತು ಬಂತು. ನಮ್ಮ ಬೌದ್ಧರ ರಿವಾಜಿನಂಗ ಬಿಳಿ ಸೀರಿ ಉಟ್ಟಿದ್ದ ಮೀರಾ, ತನ್ನ ಅವ್ವ ಕೌಸಲ್ಯಾ ವೈನಿ ಕೊರಳಿಗಿ ಬಿದ್ದು ಅಳ್ಲತ್ತಿದ್ಳು. ನಾ ಢೋಲಿಗಿ ಕೋಲು ಹಾಕಿದೆ.

ನಿಮಗ ಗೊತ್ತದಿಲ್ರೀ? ಒಂಟಿ ಢೋಲು ಎಲ್ಲಿ ಬಡೀತಾರ? ಹೆಣದ ಮುಂದ ಬಡೀತಾರ. ಎಷ್ಟು ಹಗೂರ ಬಾರಸಿದ್ರೂ ಅದು ಹಂಗೇ ಕೇಳ್ತಿತ್ತು. ಬೀಗರ ಪೈಕಿ ಒಬ್ಬ ಹಿರ್ಯಾಂವ ಮುಖ ಕಿವುಚಿ, "ಏ, ನಿಲ್ಲಿಸೋ ಅದನ್ನ! ಲಗ್ನ ಅದನೋ ಏನ್ ಮಯ್ಯತ ಅದನೋ?" ಅಂದ. ನಿಲ್ಲಸಿದೆ. ನಾಚಿಕ್ಯಾಗಿ ನೆಲಾ ಬಿರಿದ್ರ ಒಳಗ ಹೋಗ್ತಿದ್ದೆ. ಊರ ಹೆಣ್ಣುಮಕ್ಕಳನ್ನೆಲ್ಲಾ ಬಾಜಾ ಹಚ್ಚಿ ಕಳಿಸಿದ ಮಾಸ್ತರನ ಮಗಳು ಬರೇ ಹೆಜ್ಜಿ ಸಪ್ಪಳದಾಗ ಹೊಂಟ್ಳು.

ಕಾಶಣ್ಣ ಒಮ್ಮೆ ಮಗಳ ಕಡೀ ನೋಡಿದ. ಒಳಗ ಹೋದ. ಹೊರಗ ಬರೋವಾಗ ಕೈಯಾಗ ಕ್ಲಾರ್ನೆಟ್ ಇತ್ತು. ರುಮಾಲು ಬಿಚ್ಚಿ ಮಡಚಿ ಹೊರಸಿನ ಮ್ಯಾಲಿಟ್ಟ.

"ಬ್ಯಾಡೋ ಕಾಶಣ್ಣಾ," ಅಂದೆ. "ಇವತ್ತ ನೀ ಯಜಮಾನ ಇದ್ದೀ. ಇದೊಂದು ದಿನರ..."

"ಯಜಮಾನಕಿ ಮನಿಗಿ ಒಯ್ದು ಏನ್ ಮಾಡ್ಲಿ ಮಚ್ಛಿಂದ್ರಾ? ಬಾರಸು."

"ಏನ್ ಬಾರಸಲಿ? ಬೀಳ್ಕೊಡೋ ಹಾಡು ಇಬ್ಬರಿಂದ ಆಗ್ತದೇನು? ತುತೂರಿ ಇಲ್ಲ, ತಾಸೆ ಇಲ್ಲ."

"ಇಬ್ಬರಿಗೇ ಬರೋದು ಒಂದದಲ್ಲ," ಅಂದು ಊದೇಬಿಟ್ಟ.

ಅದೇ ಕಾರ್ಟೂನಿಂದು! ಗುಡ್ಡ ಸೀಳೋ ಧಾಟಿ! ಮಗಳನ್ನ ಕಳಸೋ ಹೊತ್ತಿನಾಗ ಯುದ್ಧದ ಬಾಜಾ! ನನ್ನ ಕೈ ತಾನೇ ಓಡಿತು. ಬೀಗರು ಮಿಕಿಮಿಕಿ ನೋಡಿದ್ರು. ಜೀಪಿನಾಗ ಒಂದ್ ಕಾಲಿಟ್ಟಿದ್ದ ಮೀರಾ ಗಕ್ಕನೇ ತಿರುಗಿ ನೋಡಿದ್ಳು. ಕಣ್ಣಾಗ ನೀರು ಸುರೀಲತ್ತಿದ್ವು, ಬಾಯಿ ಮಾತ್ರ ನಗ್ಲತ್ತಿತ್ತು. "ಅಪ್ಪಾ, ಇದಾ?" ಅಂದ್ಳು. ಆಮ್ಯಾಲ ಸೆರಗ ಸರಿ ಮಾಡ್ಕೊಂಡು, ಎಲ್ಲಾರ ಮುಂದ, ಆ ಸೇನಾಪತಿ ಮುಗಿದಂಗ ಎರಡೂ ಕೈ ಎತ್ತಿ ಅಪ್ಪಗ ಮುಗಿದ್ಳು. ನನಗೂ ಮುಗಿದ್ಳು. ಜೀಪ್ ಹೊಂಟಿತು.

ಹಾದಿ ಉದ್ದಕ್ಕೂ ಧೂಳು ಎದ್ದಿತು. ಧೂಳಿನಾಗ ಜೀಪ್ ಕಾಣಸಲಾರದಂಗ ಆದ ಮ್ಯಾಲೂ ಅಂವ ಊದ್ಲತ್ತಿದ್ದ. ಮಂದಿ ಕರಗಿದ್ರು, ಪೆಂಡಾಲದವರು ಕುರ್ಚಿ ಎತ್ತಲಾಕ ಹತ್ತಿದ್ರು. ಕಡೀಕ ಉಸುರು ಸಾಲಲಿಲ್ಲ, ಕ್ಲಾರ್ನೆಟ್ ತುಟಿಲಿಂದ ಜಾರಿತು. ಅಂವ ಹಾದಿ ಕಡೀ ಮುಖ ಮಾಡಿ ನಿಂತಿದ್ದ. ಒಂದ್ ಕೈ ಪೆಂಡಾಲದ ಕಂಬಕ್ಕ ಆನಿಸಿದ್ದ.

"ಸಾಕ್ರಿ ಭಾವಜಿ, ಮುಗೀತಲ್ಲ, ನಿಲ್ಲಸ್ರಿ," ಅಂದ್ರು ಕೌಸಲ್ಯಾ ವೈನಿ.

ನನ್ನ ಕೈನೂ ಸೋತಿದ್ವು, ಹೆಗಲು ಉರೀಲತ್ತಿತ್ತು. ಆದ್ರ ಕಾಶಣ್ಣ ಇನ್ನೂ ನಿಂತಿದ್ದ್ರಿ, ಆ ಕಾರ್ಟೂನಿನ ಮಂದಿ ನಿಂತಂಗ. ನಾ ಹ್ಯಾಂಗ ನಿಲ್ಲಸಲಿ? ಬಾರಸ್ತಾನೇ ಇದ್ದೆ.