ಕಡಲೆಕಾಯಿ ಮಿಲ್ಲಿನಲ್ಲಿ ಸಾಯುತ್ತಿದ್ದ ಐಸಿ

ಹಿಂದೂಪುರದ ಒಂದು ಸಣ್ಣ ಘಟಕದಲ್ಲಿ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ರೂಪಿಸುವುದು ನನ್ನ ಕೆಲಸ. ಕಡಲೆಕಾಯಿ ಸುಲಿಯುವ ಮಿಲ್ಲುಗಳಿಗೆ ನಾವು ತೇವಾಂಶ ಅಳೆಯುವ ಯಂತ್ರ ಮಾಡಿಕೊಡುತ್ತೇವೆ. ಕಾಯಿ ಸುರಿಯುವ ಬಾಯಿಯೊಳಗೆ ಒಂದು ಸೆನ್ಸರ್, ಪಕ್ಕದ ಕಂಬಕ್ಕೆ ಒಂದು ಡಬ್ಬಿ, ಎರಡರ ನಡುವೆ ವೈರು. ಡಬ್ಬಿಯ ಬಟನ್ ಒತ್ತಿದರೆ ಕಾಯಿ ಎಷ್ಟು ಒಣಗಿದೆ ಎಂದು ತೋರಿಸುತ್ತದೆ, ಅಷ್ಟೇ.

ಪರಿಗಿ ಕಡೆಯ ಮಿಲ್ಲುಗಳಲ್ಲಿ ಅದು ತಕರಾರಿಲ್ಲದೆ ನಡೆಯುತ್ತಿತ್ತು. ಕಲ್ಯಾಣದುರ್ಗದ ಒಂದು ಮಿಲ್ಲಿನಿಂದ ಮಾತ್ರ, ಗಾಳಿ ಒಣಗತೊಡಗಿದ ಮೇಲೆ, ಡಬ್ಬಿಗಳು ಕೆಟ್ಟು ವಾಪಸು ಬರಲು ಶುರುವಾಯಿತು. ಬಿಚ್ಚಿ ನೋಡಿದರೆ ಪ್ರತಿ ಸಲವೂ ಸತ್ತಿರುತ್ತಿದ್ದದ್ದು ಬೋರ್ಡಿನ ಮೇಲಿನ ಒಂದೇ ಐಸಿ, ಅಂದರೆ ಒಂದು ಪುಟ್ಟ ಚಿಪ್. ಸೆನ್ಸರಿನ ವೈರು ಬಂದು ಸೇರುವುದು ಅದಕ್ಕೇ.

"ಆ ಮಿಲ್ಲಲ್ಲಿ ವೋಲ್ಟೇಜ್ ಸರಿಯಿಲ್ಲ ಕಣಮ್ಮ, ಐಸಿ ಬದಲಾಯಿಸಿ ಕಳ್ಸು," ಎಂದರು ನಮ್ಮ ಘಟಕದ ಯಜಮಾನರು.

ವೋಲ್ಟೇಜಿನ ದೋಷವಾಗಿದ್ದರೆ ಕರೆಂಟು ಒಳಬರುವ ಕಡೆಯ ಭಾಗಗಳು ಮೊದಲು ಸುಡಬೇಕಿತ್ತು. ಅವು ಹೊಸದರಂತೆ ಇದ್ದವು. ನನಗೆ ಅನುಮಾನವಿತ್ತು, ಆದರೂ ಬದಲಾಯಿಸಿ ಕಳಿಸಿದೆ. ಆಮೇಲೆ ಮಿಲ್ಲಿನವರೇ ಫೋನ್ ಮಾಡಿದರು. ಕೆಲಸದ ಹೆಂಗಸೊಬ್ಬಳು ಡಬ್ಬಿ ಮುಟ್ಟಲು ಹೋಗಿ, ಮಿಷನ್ ಪಕ್ಕದ ಎತ್ತರದ ಹಲಗೆಯಿಂದ ಬಿದ್ದಿದ್ದಳು. ಉಳಿದವರು ಮಿಷನ್ ಹತ್ತಿರ ಹೋಗಲು ಒಪ್ಪುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಕಲ್ಯಾಣದುರ್ಗದ ಬಸ್ಸು ಹತ್ತಿದೆ.

ಮಿಲ್ಲಿನ ಬಾಗಿಲಲ್ಲೇ ಆಕೆ ಕೂತಿದ್ದಳು. ಸೆಟ್ಟೂರು ಕಡೆಯವಳು, ನನಗಿಂತ ಸ್ವಲ್ಪ ದೊಡ್ಡವಳು. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು, ಎಡಗೈಯಲ್ಲಿ ಬೀಜದಿಂದ ಕಲ್ಲು ಆರಿಸುತ್ತಿದ್ದಳು.

"ಹೆಂಗಾಯ್ತಕ್ಕ?" ಎಂದು ಕೇಳಿದೆ.

"ಬಟನ್ ಒತ್ತಾನ ಅಂತ ಹೋದೆ. ಬೆಳ್ಳು ಇನ್ನೂ ತಾಕಿರ್ಲಿಲ್ಲ, ಚಟ್ ಅಂತು. ಕೈ ಎಳ್ಕಂಡೆ, ಕಾಲು ಜಾರ್ಬುಡ್ತು. ನಾನು ಇನ್ನ ಅದ್ನ ಮುಟ್ಟಲ್ಲ ಕಣಮ್ಮ."

ಮಿಲ್ಲಿನ ಮಾಲೀಕರು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿದ್ದರು. ಟೆಸ್ಟರ್ ಎಲ್ಲಿ ಇಟ್ಟರೂ ಉರಿದಿರಲಿಲ್ಲ. ಹೀಗಾಗಿ ಆಕೆ ಸುಮ್ಮನೆ ಹೆದರಿದ್ದಾಳೆ ಎಂದು ಅವರಿಗೆ ಒಳಗೊಳಗೇ ಅನ್ನಿಸಿತ್ತು.

ಮಿಷನ್ ಓಡಿಸಲು ಹೇಳಿ ನಾನೇ ಹಲಗೆ ಹತ್ತಿದೆ. ಫ್ಯಾನು ಕಡಲೆಕಾಯಿ ಹೊಟ್ಟನ್ನು ತಲೆಯ ಮೇಲಿದ್ದ ದಪ್ಪ ಪ್ಲಾಸ್ಟಿಕ್ ಪೈಪಿನ ಮೂಲಕ ಹೊರಗಿನ ರಾಶಿಗೆ ತಳ್ಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ನನ್ನ ತೋಳಿನ ರೋಮ ಎದ್ದು ನಿಂತಿತು. ಡಬ್ಬಿಯ ಕಡೆ ಬೆರಳು ಚಾಚಿದೆ. ತಾಕುವ ಮೊದಲೇ ಕಿಡಿ ಹಾರಿ ಮೊಣಕೈವರೆಗೆ ಚುರುಕ್ ಎಂದಿತು. ಡಬ್ಬಿಯ ಅಂಕಿಗಳು ಆರಿಹೋದವು. ನೋವಿನ ಜೊತೆಗೇ, ಕಾರಣ ಸಿಕ್ಕಿತಲ್ಲ ಎಂಬ ನೆಮ್ಮದಿಯೂ ಆಯಿತು.

ಒಣ ಹೊಟ್ಟು ಪ್ಲಾಸ್ಟಿಕ್ಕಿಗೆ ಉಜ್ಜುತ್ತಾ ಹೋಗುವಾಗ ಸ್ಥಿರವಿದ್ಯುತ್ ಹುಟ್ಟುತ್ತಿತ್ತು. ಪೈಪಿನ ಕೆಳಗೆ ನಿಂತವರ ಮೈಗೂ ಅದು ಏರುತ್ತಿತ್ತು. ಬೆರಳು ಚಾಚಿದಾಗ ಒಂದೇ ಏಟಿಗೆ ಡಬ್ಬಿಗೆ ಹಾರಿ, ವೈರಿನ ದಾರಿಯಲ್ಲಿ ಐಸಿಯೊಳಗೆ ನುಗ್ಗುತ್ತಿತ್ತು. ಪರಿಗಿ ಕಡೆಯ ಮಿಲ್ಲುಗಳಲ್ಲಿ ಪೈಪು ತಗಡಿನದಾದ್ದರಿಂದ ಈ ಕಾಟವಿರಲಿಲ್ಲ.

"ಮನಿಷಿನಿ ಚಂಪೇಸ್ತುಂದಾ ಇದಿ?" ಮಾಲೀಕರು ಮೆಲ್ಲಗೆ ತೆಲುಗಿನಲ್ಲಿ ಕೇಳಿದರು. ಮನುಷ್ಯರನ್ನು ಕೊಲ್ಲುವಂಥದ್ದೇ ಎಂಬುದು ಅವರ ಭಯ.

"ಈ ಏಟಿಗೆ ಸಾಯಲ್ಲಣ್ಣ. ಆದ್ರೆ ಬೀಳ್ತಾರೆ. ಇಷ್ಟು ಹೊಟ್ಟಿನ ಧೂಳಿರೋ ಕಡೆ ಕಿಡಿ ಹಾರೋದು ಅದಕ್ಕಿಂತ ಕೆಟ್ಟದ್ದು. ಬೆಂಕಿ ಹತ್ಕೊಂಡ್ರೆ?"

ಅವರು ಕೂಡಲೇ ಮಿಷನ್ ನಿಲ್ಲಿಸಿದರು. ಪ್ಲಾಸ್ಟಿಕ್ ಪೈಪ್ ತೆಗೆಸಿ ತಗಡಿನದು ಹಾಕಿಸಿ, ಪೈಪು, ಮಿಷನ್ ಎರಡಕ್ಕೂ ಅರ್ತಿಂಗ್ ಕೊಡಿಸುವುದೆಂದು ನಿರ್ಧಾರವಾಯಿತು.

ಹಿಂದೂಪುರಕ್ಕೆ ಬಂದು ಐಸಿಯ ಗುಣ, ಮಿತಿಗಳನ್ನು ಬರೆದಿರುವ ಡೇಟಾಶೀಟ್ ತೆರೆದೆ. ಯಜಮಾನರು ಮೊದಲ ಪುಟದ ಮೇಲೆ ಬೆರಳಿಟ್ಟರು. "ಸ್ಟ್ಯಾಟಿಕ್ ರಕ್ಷಣೆ ಐತೆ ಅಂತ ಇಲ್ಲೇ ಬರ್ದವ್ರಲ್ಲಮ್ಮ."

ಬರೆದಿದ್ದರು, ನಿಜ. ಆದರೆ ಎಷ್ಟು ವೋಲ್ಟಿನ ಏಟು ತಡೆಯುತ್ತದೆ ಎಂಬ ಅಲ್ಲಿನ ಅಂಕಿ ಕಾರ್ಖಾನೆಯೊಳಗೆ, ಕೈಗೆ ಅರ್ತಿಂಗ್ ಪಟ್ಟಿ ಕಟ್ಟಿಕೊಂಡು ಐಸಿ ಹಿಡಿಯುವವರನ್ನು ಲೆಕ್ಕಕ್ಕಿಟ್ಟುಕೊಂಡದ್ದು. ಹೊರಗೆ ಬಳಕೆಯಲ್ಲಿರುವ ಯಂತ್ರಕ್ಕೆ ಬೀಳುವ ಏಟಿನ ಪರೀಕ್ಷೆಯೇ ಬೇರೆ. ವೋಲ್ಟೇಜ್ ಅಷ್ಟೇ ಇದ್ದರೂ ಅದರಲ್ಲಿ ಹರಿಯುವ ಕರೆಂಟು ಬಹಳ ಹೆಚ್ಚು. ನಮ್ಮ ಐಸಿಗೆ ಆ ಪರೀಕ್ಷೆಯ ಅಂಕಿಯೇ ಇರಲಿಲ್ಲ.

"ಅರ್ತಿಂಗ್ ಆದ್ಮೇಲೆ ಐಸಿ ಯಾಕೆ ಬದ್ಲಾಯಿಸ್ಬೇಕು?" ಎಂದರು ಅವರು.

"ಎಲ್ಲಾ ಮಿಲ್ಲಲ್ಲೂ ಅರ್ತಿಂಗ್ ನೆಟ್ಟಗಿರ್ತದೆ ಅಂತ ನಂಬಕ್ಕಾಗಲ್ಲ ಸರ್."

ಅವರು ಒಪ್ಪಿದರು. ಹೊರಗಿನ ಏಟಿಗೆ ಪರೀಕ್ಷೆಯಾದ ಐಸಿಗಳನ್ನೇ ಹುಡುಕಿದೆ. ಕೆಲವಕ್ಕೆ ರಕ್ಷಣೆ ಇತ್ತು, ನಮ್ಮ ಬಿಸಿಲು ತಡೆಯುವ ಗುಣವಿರಲಿಲ್ಲ. ಕೊನೆಗೆ ಉಳಿದ ಎರಡು ಬಗೆಯವನ್ನು ಬೋರ್ಡಿಗೆ ಹಾಕಿ, ವೈರು ಒಳಬರುವ ಬಾಯಲ್ಲೇ ಏಟನ್ನು ನೆಲಕ್ಕೆ ಇಳಿಸುವ ಒಂದು ಡಯೋಡನ್ನೂ ಸೇರಿಸಿ, ಬೆಂಗಳೂರಿನ ಪರೀಕ್ಷಾ ಕೇಂದ್ರಕ್ಕೆ ಒಯ್ದೆ. ಅಲ್ಲಿ ಪಿಸ್ತೂಲಿನಂಥ ಉಪಕರಣದಿಂದ ಕಿಡಿ ಹೊಡೆದು ನೋಡುತ್ತಾರೆ. ಎರಡೂ ಬದುಕಿದವು. ಆದರೆ ಒಂದು ಬಗೆಯದು ಏಟು ಬಿದ್ದ ಮೇಲೆ ಮಂಕಾಗಿ ನಿಂತುಬಿಡುತ್ತಿತ್ತು, ಸ್ವಿಚ್ ಆರಿಸಿ ಹಾಕಿದರೆ ಮಾತ್ರ ಏಳುತ್ತಿತ್ತು. ಇನ್ನೊಂದು ಒಮ್ಮೆ ತಡವರಿಸಿ ತಾನೇ ಮತ್ತೆ ಅಂಕಿ ತೋರಿಸಿತು. ಅದನ್ನೇ ಆರಿಸಿದೆ.

ಹೊಸ ಡಬ್ಬಿ ಹಾಕಲು ಹೋದಾಗ ಮಿಲ್ಲಿನಲ್ಲಿ ತಗಡಿನ ಪೈಪ್ ಬಂದಿತ್ತು, ಆಕೆಯ ಮಣಿಕಟ್ಟೂ ವಾಸಿಯಾಗಿತ್ತು. ಮೊದಲು ನಾನು ಮುಟ್ಟಿ ತೋರಿಸಿದೆ, ಆಮೇಲೆ ಮಾಲೀಕರು ಮುಟ್ಟಿದರು. ಆಕೆ ಬಹಳ ಹೊತ್ತು ನಿಂತು ನೋಡಿ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಬಟನ್ ಒತ್ತಿದಳು. ಏನೂ ಆಗಲಿಲ್ಲ. ಸೆರಗು ಬಿಟ್ಟು ಇನ್ನೊಮ್ಮೆ ಒತ್ತಿದಳು.

ನಾನು ಹೊರಡುವಾಗ ಆಕೆ ಗೇಟಿನವರೆಗೆ ಬಂದಳು. "ನಮ್ ತಂಗಿ ಕೆಲ್ಸ ಮಾಡೋ ಮಿಲ್ಲಲ್ಲೂ ಪ್ಲಾಸ್ಟಿಕ್ ಪೈಪೇ ಐತೆ ಕಣಮ್ಮ. ಅದ್ನೂ ಒಂದ್ಸಲ ನೋಡ್ಬುಟ್ಟು ಹೋಗು."

ಆ ಮಿಲ್ಲು ನಮ್ಮ ಗಿರಾಕಿಯಲ್ಲ. ಆದರೂ ಬಸ್ಸಿಗೆ ಇನ್ನೂ ಹೊತ್ತಿತ್ತು. ದಾರಿ ಕೇಳಿಕೊಂಡು ಅತ್ತ ನಡೆದೆ.