ಕೀಲಿಕೈ ಚಾಚಿ ಬಲ್ಲಿ ಅದ

ಶಹಾಬಾದಿನ ನಮ್ಮ ಮನೆಗೆ ಕೀಲಿ ಹಾಕಿ ಹೊರಟರೆ ಅವ್ವ ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ: “ಕೀಲಿಕೈ ಚಾಚಿ ಬಲ್ಲಿ ಅದ.” ಚಾಚಿ ಪಕ್ಕದ ಮನೆಯಾಕೆ; ಕೀಲಿಕೈ ಇರುವುದು ಆಕೆಯ ಹತ್ತಿರ. ಕಳ್ಳರಿಗೂ ಒಂದು ಚೀಟಿ ಬರೆದಿಡು ಎಂದು ನಾನು ಅವ್ವನನ್ನು ಗೇಲಿ ಮಾಡುತ್ತಿದ್ದೆ. ಕಂಪ್ಯೂಟರ್ ಕಲಿತವನ ಕೊಬ್ಬು ಅದು.

ವಾಡಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸುತ್ತಲಿನ ಊರವರು ರೈಲು ಹತ್ತಿ ಇಲ್ಲಿಗೇ ಬರುತ್ತಾರೆ, ಏಕೆಂದರೆ ತಮ್ಮೂರಲ್ಲಾದರೆ ರಿಪೋರ್ಟು ಮನೆಗಿಂತ ಮೊದಲು ಓಣಿಗೆ ಮುಟ್ಟುತ್ತದೆ. ಒಂದು ದಿನ ಚಾಚಿಯೂ ಬಂದಳು. “ಬೇಟಾ, ನಿಮ್ಮವ್ವಗ ಸುದ್ದಾ ಹೇಳಬ್ಯಾಡ,” ಎಂದಳು. ಭದ್ರ ಇರ್ತದ ಚಾಚಿ ಎಂದೆ.

ಅಲ್ಲಿ ರಿಪೋರ್ಟುಗಳ ಡೇಟಾಬೇಸು ಒಂದು ಕಂಟೇನರಿನಲ್ಲಿ, ಅದನ್ನು ತೆರೆದು ಓದುವ ಪ್ರೋಗ್ರಾಮು ಇನ್ನೊಂದರಲ್ಲಿ. ಎರಡೂ ಬೇರೆ ಬೇರೆ ಮುಚ್ಚಿದ ಕೋಣೆ ಇದ್ದಂತೆ. ಪಾಸ್‌ವರ್ಡನ್ನು ಸೆಟ್ಟಿಂಗಿನಲ್ಲೇ ಬರೆದರೆ ಕಂಡವರೆಲ್ಲ ಓದುತ್ತಾರೆ. ಅದಕ್ಕೇ ಪಾಸ್‌ವರ್ಡನ್ನು ಪ್ರತ್ಯೇಕ ಗುಪ್ತ ಫೈಲಿನಲ್ಲಿಟ್ಟು, ಸೆಟ್ಟಿಂಗಿನಲ್ಲಿ ಆ ಫೈಲಿನ ವಿಳಾಸವನ್ನಷ್ಟೇ ಕೊಟ್ಟೆ. ಒಂದೇ ಸಲಕ್ಕೆ ಎಲ್ಲ ಓಡಿತು. ಚಿತ್ತಾಪುರದ ಕಾಲೇಜೊಂದರಲ್ಲಿ ಆ ಸೆಟ್ಟಿಂಗನ್ನು ಪರದೆಯ ಮೇಲೆ ಹಾಕಿ, ಗುಟ್ಟು ಹೀಗೆ ಕಾಯಬೇಕು ಎಂದು ಭಾಷಣವನ್ನೂ ಬಿಗಿದು ಬಂದೆ.

ಆಮೇಲೊಮ್ಮೆ ಲ್ಯಾಬಿನ ಮೇಡಂ, “ಆಪರೇಟರ್ ಕೆಲಸ ಬಿಟ್ಟಾರ, ಪಾಸ್‌ವರ್ಡ್ ಬದಲ ಮಾಡ್ರಿ,” ಎಂದರು. ಫೈಲಿನಲ್ಲಷ್ಟೇ ಬದಲಿಸಿದೆ. ಡೇಟಾಬೇಸಿಗೆ ಇನ್ನೂ ತಿಳಿಸಿರಲಿಲ್ಲ, ಹಾಗಾಗಿ ಮತ್ತೆ ಶುರುಮಾಡಿದ ಪ್ರೋಗ್ರಾಮಿಗೆ ಬಾಗಿಲು ತೆರೆಯಬಾರದಿತ್ತು. ಅದು ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇತ್ತು. ಅನುಮಾನ ಬಂದು ಕೈಯಾರೆ ಪರೀಕ್ಷಿಸಿದೆ. ಹೊಸ ಪಾಸ್‌ವರ್ಡಿಗೆ ಬಾಗಿಲು ತೆರೆಯಲಿಲ್ಲ, ಹಳೆಯದಕ್ಕೂ ತೆರೆಯಲಿಲ್ಲ. ಕೊನೆಗೆ ಫೈಲಿನ ವಿಳಾಸವನ್ನೇ ಬರೆದೆ. ತೆರೆಯಿತು.

“ಪಾಸ್‌ವರ್ಡು ಈ ಫೈಲಿನಲ್ಲಿದೆ” ಎನ್ನಬೇಕಾದ ಜಾಗದಲ್ಲಿ ನಾನು “ಇದೇ ಪಾಸ್‌ವರ್ಡು” ಎಂದು ಬರೆದಿದ್ದೆ. ಎರಡೂ ಕಂಟೇನರುಗಳಿಗೆ ಅದೇ ತಪ್ಪನ್ನು ಹೇಳಿದ್ದರಿಂದ ಅವು ತಕರಾರಿಲ್ಲದೆ ಹೊಂದಿಕೊಂಡು ಬಾಳಿದ್ದವು. ಗುಪ್ತ ಫೈಲನ್ನು ಯಾರೂ ಒಮ್ಮೆಯೂ ತೆರೆದಿರಲಿಲ್ಲ. ಇಡೀ ಕಾಲೇಜಿಗೆ ನಾನು ತೋರಿಸಿದ್ದು ಪಾಸ್‌ವರ್ಡನ್ನೇ. ಚಾಚಿಯ ರಿಪೋರ್ಟೂ ಅದೇ ಡೇಟಾಬೇಸಿನಲ್ಲಿತ್ತು.

ಸರಿಪಡಿಸಿದೆ. ಹೊರಗಿನವರು ಒಳಹೊಕ್ಕ ಗುರುತೇನೂ ಸಿಗಲಿಲ್ಲ. ಮೇಡಂ ಬೈದರು, ಬೈಸಿಕೊಂಡೆ.

ಮನೆಗೆ ಬಂದರೆ ಕೀಲಿ ಹಾಕಿತ್ತು. ಚಾಚಿಯ ಬಾಗಿಲಿಗೆ ಹೋದೆ. ಕೀಲಿಕೈ ಕೊಡುತ್ತ, “ನಂದು ಭದ್ರ ಅದಲ್ಲ, ಬೇಟಾ?” ಎಂದಳು.

“ಈಗ ಅದ, ಚಾಚಿ.”

“ಈಗ ಅಂದ್ರ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕೀಲಿಕೈ ಎಲ್ಲಿದೆಯೆಂದು ಅವ್ವ ಓಣಿಗೆಲ್ಲ ಕೂಗುತ್ತಾಳಲ್ಲ, ನಾನೂ ಹಾಗೇ ಮಾಡಿದ್ದೆ ಎಂದು ನಗಿಸಲು ನೋಡಿದೆ. ಆಕೆ ನಗಲಿಲ್ಲ.

“ನಿಮ್ಮವ್ವ ಕೂಗಿದ್ರ ಇಲ್ಲಿ ನಾ ಇರ್ತೀನಿ,” ಎಂದಳು. “ನೀ ಕೂಗಿದಾಗ ಅಲ್ಲಿ ಯಾರಿದ್ರು?”