ಜೀಪಿನ ಮೇಲೆ ಬಿದ್ದ ಭಂಡಾರ

ನಮ್ಮ ಮಾವನವರ ಜೀಪಿನಿಂದ ಎಣ್ಣೆ ಸೋರುತ್ತಿತ್ತು. ಆ ವಿಷಯದಲ್ಲಿ ಮರಾಠಿ ನಾಡಿನ ಕೋಥರೂಡದಲ್ಲಿದ್ದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಜಗಳವಿದ್ದದ್ದು ಅದನ್ನು ಯಾರು ರಿಪೇರಿ ಮಾಡಬೇಕು ಎಂಬುದಕ್ಕೆ, ಅದೂ ನಮ್ಮ ಮನೆಯೊಳಗೆ ಮಾತ್ರ. ನಾನು ಮಾಡುತ್ತೇನೆ ಎಂದು ನಾನು. ಮನೆಯ ಸೊಸೆ ಜೀಪಿನ ಕೆಳಗೆ ಮಲಗುವುದು ಬೇಡ ಎಂದು ಮಾವ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಊರಾಚೆಯ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಎಂಜಿನ್ ಬಿಚ್ಚಿ ಕಟ್ಟುವ ಕೆಲಸದಲ್ಲಿದ್ದೆ. ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ವಿನಯಕ್ಕೆಂದು ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಮಾವ ಮಾತ್ರ ನೆರೆಹೊರೆಯವರಿಗೆಲ್ಲ “ಸೊಸಿ ಆಫೀಸಿಗೆ ಹೋಗ್ತಾಳ” ಎಂದು ಹೇಳಿಟ್ಟಿದ್ದರು. ನನ್ನ ಉಗುರಿನ ಸಂದಿಯ ಕಪ್ಪು ನೋಡಿದ ಮೇಲೂ ಅದನ್ನು ನಂಬಿದವರು ಬಹಳ ಒಳ್ಳೆಯ ಜನ.

ಮಾವ ಖಡಕಿಯ ಮಿಲಿಟರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ವಿಜಾಪುರದ ಕಡೆಯಿಂದ ಹುಡುಗರಿದ್ದಾಗಲೇ ಬಂದು, ಜನ್ಮವೆಲ್ಲ ಬೇರೆಯವರು ಓಡಿಸುವ ಗಾಡಿಗಳ ಕಾಗದಕ್ಕೆ ಠಸ್ಸೆ ಒತ್ತಿದರು. ನಿವೃತ್ತಿಯಾದದ್ದೇ ತಡ, ಹರಾಜಿಗೆ ಬಂದ ಹಳೆಯ ಜೀಪೊಂದನ್ನು ಕೊಂಡು, ಅದಕ್ಕೆ ಡೀಸೆಲ್ ಎಂಜಿನ್ ಹಾಕಿಸಿ ಮನೆಗೆ ತಂದರು. ಬೆಳಿಗ್ಗೆ ಎದ್ದರೆ ದೇವರ ಮುಖಕ್ಕಿಂತ ಮೊದಲು ಅದರ ಮುಖ ನೋಡುತ್ತಿದ್ದರು. ಅತ್ತೆ ಅದನ್ನು ‘ನನ್ನ ಸವತಿ’ ಎನ್ನುತ್ತಿದ್ದರು.

ಅದಕ್ಕೆ ಎರಡು ಕಾಯಿಲೆ. ನಿಂತಲ್ಲಿ ನೆಲ ಕಪ್ಪು ಮಾಡುವುದು ಒಂದು. ಬೆಟ್ಟದ ರಸ್ತೆಯ ಘಾಟು ಹತ್ತುವಾಗ ಎಣ್ಣೆಯ ಒತ್ತಡ ಇಳಿದು ಕೆಂಪು ದೀಪ ಮಿಣುಕುವುದು ಇನ್ನೊಂದು. ಹಿಂದಿನ ವರ್ಷ ಮನೆದೇವರು ಮಲ್ಲಯ್ಯನ ದರ್ಶನಕ್ಕೆಂದು ಜೇಜುರಿಗೆ ಹೊರಟಾಗ ದಿವೆ ಘಾಟಿನ ನಡುವೆ ಆ ದೀಪ ಹತ್ತಿ, ಸುಟ್ಟ ವಾಸನೆ ಎದ್ದು, ಅತ್ತೆ ಅಲ್ಲೇ ಇಳಿದು ಬಸ್ಸು ಹಿಡಿದು ಮನೆಗೆ ಬಂದುಬಿಟ್ಟಿದ್ದರು.

ಅಷ್ಟಾದರೂ ನಡೆಯುತ್ತಿತ್ತೇನೋ. ಆದರೆ ಒಂದು ದಿನ ಸೊಸೈಟಿಯ ಕಾರ್ಯದರ್ಶಿಗಳು ನಮ್ಮ ಎಣ್ಣೆಯ ಮೇಲೆ ಕಾಲಿಟ್ಟು, ಕೈಯಲ್ಲಿದ್ದ ತರಕಾರಿ ಚೀಲದ ಸಮೇತ ಜಾರಿ ಬಿದ್ದರು. ಸಭೆ ಸೇರಿತು. ಮಾವನಿಗೆ ರೋಷ ಬಂತು. ಎದ್ದು ನಿಂತು, ಬರುವ ಸಭೆಯ ಹೊತ್ತಿಗೆ ಸೋರುವುದು ನಿಲ್ಲದಿದ್ದರೆ ಜೀಪನ್ನು ನಾನೇ ಗುಜರಿಗೆ ಹಾಕುತ್ತೇನೆ ಎಂದು ಮರಾಠಿಯಲ್ಲಿ ಘೋಷಿಸಿ ಬಂದರು. ಬಂದವರು ಚಹಾ ಕೂಡ ಮುಟ್ಟದೆ ಕಿಟಕಿಯಿಂದ ಜೀಪು ನೋಡುತ್ತ ಕುಳಿತರು. ಅವರ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಅವತ್ತು ಆರಿದ ಚಹಾವನ್ನು ಎರಡು ಸಲ ಬಿಸಿ ಮಾಡಿ ತಂದಿಟ್ಟೆ.

ಪೇಟೆಯ ಗ್ಯಾರೇಜ್ ಮಿಸ್ತ್ರಿಗಳೆಲ್ಲ ಹೇಳಿದ್ದು ಒಂದೇ: ಎಂಜಿನ್ನಿನ ಹಿಂದೆ ಎಣ್ಣೆ ತಡೆಯುವ ಸೀಲು ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು. ಒಮ್ಮೆ ಇಳಿಸಿ, ಸೀಲು ಬದಲಿಸಿ, ಏರಿಸಿಯೂ ಆಗಿತ್ತು. ಸೋರುವುದು ನಿಂತಿರಲಿಲ್ಲ. ಕೊನೆಗೆ ಮಾವ ಕೀಲಿಕೈ ತಂದು ನನ್ನ ಮುಂದಿಟ್ಟರು.

“ಇನ್ನ ನೀನ ನೋಡವಾ. ಆದ್ರ ಮಂದಿ ಮುಂದ ಬ್ಯಾಡ.”

“ಮಂದಿ ಮುಂದ ಅಲ್ರಿ ಮಾವಾರ, ಜೀಪಿನ ಕೆಳಗ” ಎಂದೆ.

ಅವರು ನಗಲಿಲ್ಲ. ಜೀಪಿನ ಸುತ್ತ ಹಗ್ಗ ಕಟ್ಟಿ, ಅತ್ತೆಯ ಹಳೆಯ ಹೂವಿನ ಚಾದರವನ್ನು ಪರದೆಯಂತೆ ಇಳಿಬಿಟ್ಟರು. ಆ ಪರದೆಯ ಹೊರಗೆ ಕುರ್ಚಿ ಹಾಕಿಕೊಂಡು, ಪೇಪರ್ ಓದುವವರಂತೆ ಕಾವಲು ಕುಳಿತರು. ಒಳಗಿನಿಂದ ಸುತ್ತಿಗೆಯ ಸದ್ದು ಬಂದಾಗಲೆಲ್ಲ ಜೋರಾಗಿ ಕೆಮ್ಮುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ನಗೆಯೂ ಬರುತ್ತಿತ್ತು.

ಕೆಂಪು ದೀಪದ ಕಾಯಿಲೆ ನನಗೆ ಸ್ಪಷ್ಟವಿತ್ತು. ಘಾಟಿನಲ್ಲಿ ಎಣ್ಣೆ ವಿಪರೀತ ಕಾದು ನೀರಿನಂತೆ ತೆಳ್ಳಗಾಗುತ್ತದೆ, ಒತ್ತಡ ಬೀಳುತ್ತದೆ. ಅದಕ್ಕೆ ಆಯಿಲ್ ಕೂಲರ್ ಕೂರಿಸಿದೆ. ಅಂದರೆ ಎಣ್ಣೆಗೆಂದೇ ಇನ್ನೊಂದು ಸಣ್ಣ ರೇಡಿಯೇಟರ್. ಫಿಲ್ಟರಿನ ಬುಡದಿಂದ ಎರಡು ಪೈಪು ಎಳೆದು, ಮುಂದಿನ ಜಾಲರಿಯ ಹಿಂದೆ ಗಾಳಿ ಬಡಿಯುವಲ್ಲಿ ಅದನ್ನು ಬಿಗಿದೆ. ಮೇಲಿನ ಮುಚ್ಚಳ, ಕೆಳಗಿನ ಎಣ್ಣೆತೊಟ್ಟಿ ಎರಡಕ್ಕೂ ಸಂದಿನಲ್ಲಿ ಸೋರದಂತೆ ಹೊಸ ಪ್ಯಾಕಿಂಗ್ ಹಾಕಿದೆ. ಎಂಜಿನ್ನನ್ನು ಡೀಸೆಲ್ಲಿನಲ್ಲಿ ತೊಳೆದು ಮದುವೆ ಪಾತ್ರೆಯಂತೆ ಬೆಳಗಿದೆ. ಸೋರುವ ಜಾಗ ಹಿಡಿಯಲು ಟಾಲ್ಕಮ್ ಪೌಡರ್ ಉದುರಿಸಿ ಸ್ಟಾರ್ಟ್ ಮಾಡಿಟ್ಟೆ. ಪೌಡರ್ ಒಣಗಿಯೇ ಇತ್ತು. ನಿಂತ ಜೀಪು ಸೋರುತ್ತಿರಲಿಲ್ಲ. ದೂರ ಓಡಿ ಕಾದು ಬಂದರೆ ಮಾತ್ರ ಸೋರುತ್ತಿತ್ತು.

“ಹಂಗಾರ ಜೇಜುರಿಗೆ ಹೋಗೂಣು” ಎಂದರು ಮಾವ. “ಅಲ್ಲೇ ತೀರ್ಮಾನ ಆಗ್ಲಿ.”

ಭಾನುವಾರ ಹೊರಟೆವು. ಮಾವ ಸ್ಟಿಯರಿಂಗಿನಲ್ಲಿ, ನಾನು ಪಕ್ಕದಲ್ಲಿ, ಅತ್ತೆ ಹಿಂದೆ, ಮಡಿಲಲ್ಲಿ ಬಸ್ಸಿನ ಚಿಲ್ಲರೆ ಕಟ್ಟಿಕೊಂಡು. ದಿವೆ ಘಾಟಿನ ತಿರುವುಗಳಲ್ಲಿ ಮೂವರ ಕಣ್ಣೂ ಆ ದೀಪದ ಮೇಲೆ. ತುದಿ ಮುಟ್ಟುವವರೆಗೂ ಅದು ಹತ್ತಲಿಲ್ಲ. ಕೂಲರ್ ಕೆಲಸ ಮಾಡಿತ್ತು. ನನಗೆ ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ.

ದರ್ಶನ ಮುಗಿಸಿ, ಅಲ್ಲಿ ಭಕ್ತರು ಎರಚುವ ಅರಿಶಿನದಿಂದ ಮೈಯೆಲ್ಲ ಹಳದಿಯಾಗಿ, ಮೆಟ್ಟಿಲಿಳಿದು ಬಂದು ನೋಡಿದರೆ ಜೀಪಿನ ಕೆಳಗೆ ಅದೇ ಕಪ್ಪು ಕಲೆ. ಅಂಗೈಯಗಲ. ಮಾವ ಬಗ್ಗಿ ನೋಡಿದರು, ಮೆಲ್ಲಗೆ ಎದ್ದರು.

“ಮುಗೀತಿನ್ನ” ಎಂದರು. ಬಾನೆಟ್ಟಿನ ಮೇಲೆ ಕೈಯಿಟ್ಟು ಹಾಗೆಯೇ ನಿಂತರು.

ನೀರಿನ ಮಟ್ಟ ನೋಡೋಣವೆಂದು ನಾನು ಬಾನೆಟ್ ಎತ್ತಿದ್ದಷ್ಟೇ. ನಮ್ಮ ಅತ್ತೆಯದೊಂದು ಪದ್ಧತಿ: ಮನೆಗೆ ಹೊಸ ವಸ್ತು ಬಂದರೆ ಅದರ ಮೇಲೆ ಮಲ್ಲಯ್ಯನ ಭಂಡಾರ, ಆ ಅರಿಶಿನದ ಪುಡಿ, ಬೀಳಲೇಬೇಕು. ಟಿವಿಗೂ ಬಿದ್ದಿತ್ತು, ಮಿಕ್ಸರಿಗೂ ಬಿದ್ದಿತ್ತು. “ಏಳುಕೋಟಿಗೋ!” ಎಂದು ಮಲ್ಲಯ್ಯನ ಜಯಕಾರ ಕೂಗಿ, ಚೀಲದಲ್ಲಿ ಉಳಿದಿದ್ದಷ್ಟನ್ನೂ ಬೊಗಸೆಯಲ್ಲಿ ತೆಗೆದು ಎಂಜಿನ್ನಿನ ಮೇಲೆ, ನನ್ನ ಹೊಸ ಕೂಲರಿನ ಮೇಲೆ ಎರಚಿಬಿಟ್ಟರು.

“ಅತ್ಯಾರ, ಏನ್ ಮಾಡಿದ್ರಿ! ಗಾಳಿ ಹೋಗೂ ಸಂದಿ ಎಲ್ಲಾ ಮುಚ್ಚಿತು. ಇದೇನ್ ದೇವರ ಪಲ್ಲಕ್ಕಿ ಅಲ್ರಿ, ಎಂಜಿನ್!”

“ಹೊಸಾ ಸಾಮಾನ ಹಾಕೀದಿ, ಭಂಡಾರ ಇಲ್ಲದ ಹೆಂಗ ನಡೀತದ?” ಎಂದವರು ಹಿಂದಿನ ಸೀಟಿಗೆ ಹೋಗಿ, ಮುಖ ಊದಿಸಿಕೊಂಡು ಕುಳಿತರು. ಕೂಗಾಡಿದ್ದಕ್ಕೆ ನನಗೆ ಇಂದಿಗೂ ಬೇಸರವಿಲ್ಲ. ಕೂಲರಿಗೆ ಪುಡಿ ಎರಚುವುದು ತಪ್ಪು, ಎರಚಿದವರು ಯಾರೇ ಇರಲಿ.

ವಾಪಸು ದಾರಿಯಲ್ಲಿ ಘಾಟಿನ ತುದಿಯ ಚಹಾದಂಗಡಿಯ ಬಳಿ ಜೀಪು ನಿಲ್ಲಿಸಲು ಹೇಳಿ, ಕೂಲರ್ ಒರೆಸಲು ಬ್ರಶ್ ಹಿಡಿದು ಬಾನೆಟ್ ಎತ್ತಿದೆ. ಎಂಜಿನ್ನಿನ ಮೈಯೆಲ್ಲ ತೆಳುವಾಗಿ ಹಳದಿ. ಆ ಹಳದಿಯ ನಡುವೆ ಒಂದೇ ಒಂದು ಕಂದು ಗೆರೆ. ಬೆರಳಿಟ್ಟು ಅದರ ಬೆನ್ನು ಹತ್ತಿದೆ. ಅದು ಹುಟ್ಟಿದ್ದು ಹೆಬ್ಬೆರಳಿನಷ್ಟಿದ್ದ ಒಂದು ಸ್ವಿಚ್ಚಿನ ಬಾಯಲ್ಲಿ, ಕೆಂಪು ದೀಪ ಹತ್ತಿಸುವ ಅದೇ ಸ್ವಿಚ್ಚು. ಎಂಜಿನ್ ಕಾದಾಗ ಅಲ್ಲಿಂದ ಜಿನುಗಿದ ಎಣ್ಣೆ ಫ್ಯಾನಿನ ಗಾಳಿಗೆ ಹಿಂದಕ್ಕೆ ಹರಿದು, ಗೇರ್‌ಬಾಕ್ಸಿನ ಬುಡದಲ್ಲಿ ತೊಟ್ಟಿಕ್ಕುತ್ತಿತ್ತು. ಊರಿನ ಮಿಸ್ತ್ರಿಗಳೆಲ್ಲ ಪಾಪ, ಹಿಂದಿನ ಸೀಲನ್ನು ಸುಮ್ಮನೆ ಬೈದಿದ್ದರು.

“ಮಾವಾರ, ಸಿಕ್ತು! ಅತ್ಯಾರ, ಇಳದ್ ಬರ್ರಿ ಇಲ್ಲೆ!” ಎಂದು ಕೂಗಿದೆ. ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಅತ್ತೆ ಬಂದು ಬಗ್ಗಿ ನೋಡಿದರು. “ಮಲ್ಲಯ್ಯ ತೋರಿಸ್ಯಾನ” ಎಂದರು.

“ತೋರಿಸಿದಾಂವ ಅಂವ ಖರೆ ಅತ್ಯಾರ, ಬಿಚ್ಚಾಕಿ ನಾನ” ಎಂದೆ.

ಮರುದಿನ ಹೊಸ ಸ್ವಿಚ್ಚು ತಂದು ಜೀಪಿನ ಮುಂದೆ ಸ್ಪ್ಯಾನರುಗಳನ್ನು ಹರಡಿಕೊಂಡು ಕುಳಿತೆ. ಹಗ್ಗ ಕಟ್ಟಲು ಮಾವ ಬರುತ್ತಾರೆಂದು ಕಾದೆ. ಅವರು ಬಂದರು, ಕೈಯಲ್ಲಿ ಚಾದರವಿರಲಿಲ್ಲ. ಪಕ್ಕದಲ್ಲೇ ಕುರ್ಚಿ ಹಾಕಿ ಕುಳಿತರು. ಕೆಲಸ ಹತ್ತು ನಿಮಿಷದ್ದು, ಆದರೆ ಅದಕ್ಕೆ ಸೊಸೈಟಿಯ ಅರ್ಧ ಜನ ಸಾಕ್ಷಿಯಾದರು.

ಜೀಪನ್ನು ಮತ್ತೊಮ್ಮೆ ಘಾಟು ಹತ್ತಿಸಿ ತಂದು ನಿಲ್ಲಿಸಿದೆವು. ಸಭೆಯ ದಿನ ಕಾರ್ಯದರ್ಶಿಗಳು ಕೆಳಗೆ ಬಗ್ಗಿ, ನೆಲಕ್ಕೆ ಬೆರಳು ಒತ್ತಿ, ಬೆರಳನ್ನು ಮೂಸಿ ನೋಡಿದರು. ಒಣಗಿತ್ತು. ಯಾವ ಗ್ಯಾರೇಜಿಗೆ ಕೊಟ್ಟಿರಿ ಎಂದು ಮರಾಠಿಯಲ್ಲಿ ಕೇಳಿದರು.

ಮಾವ ಗಂಟಲು ಸರಿಮಾಡಿಕೊಂಡರು. ಅವರು ಕೆಮ್ಮುತ್ತಾರೆಂದೇ ನಾನು ತಿಳಿದೆ.

“ಗ್ಯಾರೇಜ್ ಕಶಾಲಾ? ಆಮಚೀ ಸೂನಚ ಮಿಸ್ತ್ರೀ ಆಹೇ” ಎಂದರು. ಗ್ಯಾರೇಜ್ ಯಾಕೆ ಬೇಕು, ನಮ್ಮ ಸೊಸೆಯೇ ಮಿಸ್ತ್ರಿ. ಮೂರನೆಯ ಮಹಡಿಗೂ ಕೇಳುವಂತೆ ಹೇಳಿದರು.

ಮೂರನೆಯ ಮಹಡಿಗೆ ಕೇಳಿಯೇ ಬಿಟ್ಟಿತು. ಅಲ್ಲಿದ್ದ ನಮ್ಮ ಮನೆಯ ಗ್ಯಾಲರಿಯಿಂದ ಅತ್ತೆ ಬಗ್ಗಿ, ಅಪ್ಪಟ ವಿಜಾಪುರದ ಕನ್ನಡದಲ್ಲಿ ಕೂಗಿದರು: “ಭಂಡಾರ ಒಗದಾಕಿ ನಾನು ಅನ್ನೂದೂ ಹೇಳ್ರಿ ಅವ್ರಿಗೆ!”